ಒಪ್ಪಿಸಿದ ಕಡತ: ದೂರದ ಪ್ರವೇಶ ಮತ್ತು ನ್ಯಾಸಧರ್ಮ

ಕಚೇರಿಯ ಕಂಪ್ಯೂಟರಿನಲ್ಲಿರುವ ಕಡತವೊಂದನ್ನು ಮನೆಯಲ್ಲಿ ಕುಳಿತ ನೌಕರನಿಗೆ ತೆರೆದುಕೊಡುವುದು ಮೇಲುನೋಟಕ್ಕೆ ತಂತ್ರಜ್ಞರ ಕೆಲಸವಾಗಿ ಕಾಣುತ್ತದೆಯೇ ಹೊರತು ತತ್ತ್ವಜಿಜ್ಞಾಸೆಯ ವಿಷಯವಾಗಿ ಕಾಣುವುದಿಲ್ಲ. ಬಳಕೆದಾರನ ಹೆಸರು, ಪಾಸ್‌ವರ್ಡ್, ಮೊಬೈಲಿಗೆ ಬರುವ ಓಟಿಪಿ, ಇಷ್ಟು ತಾಳೆಯಾದರೆ ಬಾಗಿಲು ತೆರೆಯುತ್ತದೆ, ಆಗದಿದ್ದರೆ ಮುಚ್ಚಿಯೇ ಇರುತ್ತದೆ. ಆದರೆ ಬಾಗಿಲು ತೆರೆದ ಮೇಲೆ ಆ ನೌಕರನಿಗೆ ನಿಜವಾಗಿ ದೊರೆತದ್ದೇನು ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಹೊಳೆಯುವುದಿಲ್ಲ. ಕಡತ ಅವನ ಸ್ವತ್ತಾಗಿಲ್ಲ. ಅದು ಕಚೇರಿಯ ಕೈತಪ್ಪಿ ಹೋಗಿಯೂ ಇಲ್ಲ. ಅವನು ಅದನ್ನು ಸಾಲವಾಗಿ ಪಡೆದಿಲ್ಲ, ಬಾಡಿಗೆಗೂ ಪಡೆದಿಲ್ಲ. ಹಾಗಿದ್ದರೂ ಅದನ್ನು ಓದುವ, ತಿದ್ದುವ, ಬೇಕೆಂದರೆ ಪ್ರತಿ ಮಾಡಿಕೊಳ್ಳುವ ಸಾಮರ್ಥ್ಯ ಅವನಿಗೆ ಬಂದಿದೆ. ಒಡೆತನವಿಲ್ಲದೆ ಬಂದ ಈ ಸಾಮರ್ಥ್ಯವನ್ನು ಆಳುವ ಧರ್ಮ ಯಾವುದು ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ. ಇದನ್ನು ಸಾಮಾನ್ಯವಾಗಿ ಕಳ್ಳತನ ಮತ್ತು ಕಾವಲಿನ ಭಾಷೆಯಲ್ಲಿ ಚರ್ಚಿಸಲಾಗುತ್ತದೆ. ಆದರೆ ಭಾರತೀಯ ಚಿಂತನೆಯಲ್ಲಿ ನ್ಯಾಸದ ಕುರಿತು, ಎಂದರೆ ಒಬ್ಬರ ವಸ್ತುವನ್ನು ಮತ್ತೊಬ್ಬರ ನಂಬಿಕೆಗೆ ಒಪ್ಪಿಸುವುದರ ಕುರಿತು, ಬೆಳೆದುಬಂದಿರುವ ವಿಚಾರವನ್ನು ಗಮನಿಸಿದರೆ, ಈ ಪ್ರಶ್ನೆ ಅಸ್ತೇಯಕ್ಕಿಂತ, ಎಂದರೆ ಕದಿಯದಿರುವ ವ್ರತಕ್ಕಿಂತ, ಹೆಚ್ಚಾಗಿ ಸತ್ಯಕ್ಕೆ ಸೇರಿದ್ದು ಎಂಬ ನಿಲುವಿಗೆ ಬರಬೇಕಾಗುತ್ತದೆ.

ಮನೆಯಿಂದ ಕೆಲಸ ಮಾಡುವ ಕಲ್ಪನೆ ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಜ್ಯಾಕ್ ನಿಲ್ಸ್ 1973ರಲ್ಲೇ ಅದಕ್ಕೆ ‘ಟೆಲಿಕಮ್ಯೂಟಿಂಗ್’ ಎಂಬ ಹೆಸರು ಕೊಟ್ಟಿದ್ದರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ವೃತ್ತಿಪರ ಆವೃತ್ತಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ಸೇರಿಕೊಂಡಿತ್ತು. ಆದರೆ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಕೆಲವರಿಗಷ್ಟೇ ಇದ್ದ ಈ ಅನುಕೂಲವನ್ನು ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರ ಅನಿವಾರ್ಯವನ್ನಾಗಿಸಿತು. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳು ಹಾಸನ, ದಾವಣಗೆರೆ, ಕುಂದಾಪುರಗಳ ತಮ್ಮ ಮನೆಗಳಿಂದ ಕಚೇರಿಯ ಕಡತಗಳನ್ನು ತೆರೆಯತೊಡಗಿದರು. ಇದಕ್ಕೆ ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ವಿಪಿಎನ್, ಎಂದರೆ ಸಾರ್ವಜನಿಕ ಅಂತರಜಾಲದ ಒಳಗೇ ಗೂಢಲಿಪಿಯ ರಕ್ಷಣೆಯಲ್ಲಿ ಹಾದುಹೋಗುವ ಖಾಸಗಿ ಮಾರ್ಗ. ಇದರಲ್ಲಿ ಮನೆಯ ಕಂಪ್ಯೂಟರ್ ಕಚೇರಿಯ ಜಾಲದ ಒಂದು ಭಾಗದಂತೆ ನಡೆದುಕೊಳ್ಳುತ್ತದೆ, ತೆರೆದ ಕಡತ ಮನೆಯ ಯಂತ್ರಕ್ಕೇ ಬರುತ್ತದೆ. ಎರಡನೆಯದಾದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕಡತ ಕಚೇರಿಯ ಯಂತ್ರವನ್ನು ಬಿಟ್ಟು ಕದಲುವುದಿಲ್ಲ. ಆ ಯಂತ್ರದ ಪರದೆಯ ಚಿತ್ರ ಮಾತ್ರ ಮನೆಗೆ ಬರುತ್ತದೆ, ಮನೆಯಲ್ಲಿ ಒತ್ತಿದ ಕೀಲಿಗಳ ಸಂಕೇತ ಕಚೇರಿಗೆ ಹೋಗುತ್ತದೆ. ಮೂರನೆಯದಾದ ಕ್ಲೌಡ್ ಸಂಗ್ರಹದಲ್ಲಿ ಮೂಲಪ್ರತಿ ಬೇರೊಂದು ಸಂಸ್ಥೆಯ ಸರ್ವರಿನಲ್ಲಿದ್ದು, ಸಿಂಕ್ ಮಾಡಿದ ಪ್ರತಿಯೊಂದು ಸಾಧನದಲ್ಲೂ ಅದರ ಒಂದೊಂದು ಪ್ರತಿ ನೆಲೆಸುತ್ತದೆ. ಮೂರರಲ್ಲಿಯೂ ನೌಕರ ಮಾಡುವ ಕೆಲಸ ಒಂದೇ ಆಗಿರಬಹುದು. ಆದರೆ ಒಂದರಲ್ಲಿ ಅವನಿಗೆ ದೊರೆತದ್ದು ವಸ್ತುವಿನ ಪ್ರತಿ, ಇನ್ನೊಂದರಲ್ಲಿ ಬರಿಯ ನೋಟ, ಮತ್ತೊಂದರಲ್ಲಿ ಎಷ್ಟು ಕಡೆ ಹರಡಿದೆಯೆಂದು ಅವನಿಗೇ ಸರಿಯಾಗಿ ತಿಳಿಯದ ಹಲವು ಪ್ರತಿಗಳು.

ಈ ಭೇದವನ್ನು ಗಮನದಲ್ಲಿಟ್ಟುಕೊಂಡರೆ ಕಳ್ಳತನದ ಪರಿಭಾಷೆ ಇಲ್ಲಿ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ. ಕಳವಿನ ಸಾಮಾನ್ಯ ಕಲ್ಪನೆಯಲ್ಲಿ ವಸ್ತು ಒಬ್ಬರಲ್ಲಿ ಇಲ್ಲವಾಗಿ ಇನ್ನೊಬ್ಬರಲ್ಲಿ ಇರುವಂತಾಗುತ್ತದೆ. ಕಳೆದುಕೊಂಡವರಿಗೆ ಕಳೆದದ್ದು ಗೊತ್ತಾಗುತ್ತದೆ, ಸಿಕ್ಕಿದಾಗ ಅದನ್ನು ಮರಳಿ ಕೊಡಿಸಬಹುದು. ಕಡತದ ವಿಷಯದಲ್ಲಿ ಈ ಮೂರೂ ಲಕ್ಷಣಗಳು ಬಿದ್ದುಹೋಗುತ್ತವೆ. ಪ್ರತಿ ಮಾಡಿದ ಕಡತ ಇದ್ದಲ್ಲಿಯೇ ಇರುತ್ತದೆ. ಪ್ರತಿಯಾದದ್ದು ಒಡೆಯನ ಗಮನಕ್ಕೆ ಬಾರದೆಯೂ ಇರಬಹುದು. ಇನ್ನು ಹಿಂತಿರುಗಿಸುವುದೆಂದರೆ ಏನೆಂದೇ ಅರ್ಥವಾಗದು, ಏಕೆಂದರೆ ಒಂದು ಪ್ರತಿಯನ್ನು ಮರಳಿ ಕೊಟ್ಟವನ ಬಳಿ ಇನ್ನೊಂದು ಉಳಿದಿಲ್ಲ ಎಂಬುದನ್ನು ಆ ಪ್ರತಿ ತಾನೇ ಹೇಳಲಾರದು. ರಿಮೋಟ್ ಡೆಸ್ಕ್‌ಟಾಪಿನ ಮೂಲಕ ಬರಿದೇ ನೋಡಿದ ಗ್ರಾಹಕರ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದ ಮೊಬೈಲಿನ ಕ್ಯಾಮೆರಾ ಸೆರೆಹಿಡಿಯಬಹುದು. ಅದೂ ಬೇಡ, ನೆನಪು ಸೆರೆಹಿಡಿಯಬಹುದು. ನೋಡಿದ್ದನ್ನು ನೋಡದಂತೆ ಮಾಡುವ ಉಪಾಯ ಯಾವ ತಂತ್ರಜ್ಞಾನದಲ್ಲಿಯೂ ಇಲ್ಲ.

ಆದ್ದರಿಂದ ಸ್ವತ್ತಿನ ವಿಚಾರವನ್ನು ಬಿಟ್ಟು ಒಪ್ಪಿಸುವಿಕೆಯ ವಿಚಾರಕ್ಕೆ ಬರಬೇಕಾಗುತ್ತದೆ, ಮತ್ತು ಈ ವಿಚಾರವನ್ನು ಸೂಕ್ಷ್ಮವಾಗಿ ವಿಂಗಡಿಸಿದ ಗ್ರಂಥವೊಂದು ಕನ್ನಡನಾಡಿನಲ್ಲಿಯೇ ರಚಿತವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಹಿಂದೂ ಉತ್ತರಾಧಿಕಾರದ ಕಾನೂನಿಗೆ ಆಧಾರವಾದ ಗ್ರಂಥವೆಂದು ಪ್ರಸಿದ್ಧವಾಗಿದೆ; ಅದರ ವ್ಯವಹಾರಾಧ್ಯಾಯದಲ್ಲಿ ಇಡುಗಂಟಿನ ಕುರಿತಾದ ಪ್ರಕರಣವೂ ಇದೆ. ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳದೆ, ಮುದ್ರೆ ಹಾಕಿ ಇನ್ನೊಬ್ಬರ ವಶಕ್ಕೆ ಕೊಟ್ಟದ್ದು ಉಪನಿಧಿ. ಅದನ್ನು ಮುದ್ರೆ ಕೆಡದಂತೆ ಹಾಗೆಯೇ ಹಿಂತಿರುಗಿಸಬೇಕು. ಎದುರಿನಲ್ಲಿ ತೋರಿಸಿ, ತಿಳಿಸಿ ಒಪ್ಪಿಸಿದ್ದು ನಿಕ್ಷೇಪ. ಮನೆಯ ಯಜಮಾನ ಇಲ್ಲದಿರುವಾಗ ಅವನಿಗೆ ತಲುಪಿಸಲೆಂದು ಮನೆಯವರ ಕೈಗೆ ಕೊಟ್ಟದ್ದು ನ್ಯಾಸ, ಹೀಗೆ ಆ ಪದಕ್ಕೆ ಅಲ್ಲಿ ವಿಶೇಷಾರ್ಥವೊಂದಿದ್ದರೂ ಇಡುಗಂಟಿಗೆ ಸಾಮಾನ್ಯ ಹೆಸರಾಗಿಯೂ ಅದು ಬೇರೆಡೆ ಬಳಕೆಯಲ್ಲಿದೆ. ಒಬ್ಬರು ಒಪ್ಪಿಸಿದ್ದನ್ನು ಪಡೆದವನು, ಅದರ ಒಡೆಯನಿಗೆ ಮುಟ್ಟಿಸಬೇಕೆಂಬ ಷರತ್ತಿನೊಡನೆ ಮೂರನೆಯವನ ಕೈಗೆ ದಾಟಿಸಿದರೆ ಅದು ಅನ್ವಾಹಿತ. ಇಟ್ಟುಕೊಂಡವನು ತನ್ನ ಇಚ್ಛೆಯಂತೆ ಅದನ್ನು ಬಳಸಿಕೊಂಡರೆ ದಂಡ ತೆರಬೇಕು, ವಸ್ತುವನ್ನು ಬಡ್ಡಿಸಹಿತ ಹಿಂತಿರುಗಿಸಬೇಕು ಎಂಬುದು ಇವೆಲ್ಲಕ್ಕೂ ಅನ್ವಯಿಸುವ ನಿಯಮ.

ದೂರದಿಂದ ಕೆಲಸ ಮಾಡುವವರ ನಡುವೆ ಈ ವಿಂಗಡಣೆ ಇಂದಿಗೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿದೆ. ಗೂಢಲಿಪಿಯಲ್ಲಿರುವ ಬ್ಯಾಕಪ್ ಕಡತಗಳನ್ನು, ಒಳಗೇನಿದೆಯೆಂದು ನೋಡದೆ, ಕಾಪಾಡುವ ತಂತ್ರಜ್ಞನ ಬಳಿ ಇರುವುದು ಉಪನಿಧಿ. ಅವನ ಧರ್ಮ ಮುದ್ರೆಯನ್ನು ಒಡೆಯದಿರುವುದು. ಸಂಬಳದ ಪಟ್ಟಿಯನ್ನು ತೆರೆದು ತಿದ್ದುವ ಲೆಕ್ಕಪತ್ರ ವಿಭಾಗದ ನೌಕರನ ಬಳಿ ಇರುವುದು ನಿಕ್ಷೇಪ. ಅದರೊಳಗಿನದು ಅವನಿಗೆ ತಿಳಿದಿರಲೇಬೇಕಾದ್ದರಿಂದ ತಿಳಿದದ್ದನ್ನು ಕೆಲಸದ ಹೊರಗೆ ಬಳಸದಿರುವುದು ಅವನ ಧರ್ಮ. ವಿದೇಶದ ಆಸ್ಪತ್ರೆಯೊಂದರ ವಿಮಾ ದಾಖಲೆಗಳನ್ನು ಬೆಂಗಳೂರಿನ ಸೇವಾಸಂಸ್ಥೆಗೆ ವಹಿಸಿ, ಆ ಸಂಸ್ಥೆ ಅವನ್ನು ಮನೆಯಲ್ಲಿ ಕುಳಿತ ಉದ್ಯೋಗಿಗೆ ತೆರೆದುಕೊಟ್ಟಾಗ ಆಗುವುದು ಅನ್ವಾಹಿತ. ರೋಗಿ ತನ್ನ ದೇಹಸ್ಥಿತಿಯ ವಿವರವನ್ನು ಒಪ್ಪಿಸಿದ್ದು ವೈದ್ಯನಿಗೆ, ಆದರೆ ಅದನ್ನು ಓದುತ್ತಿರುವವನು ರೋಗಿ ಎಂದೂ ಕಾಣದ, ಹೆಸರೂ ಕೇಳದ ಮೂರನೆಯವನು ಅಥವಾ ನಾಲ್ಕನೆಯವನು. ಕೈ ದಾಟಿದಷ್ಟೂ ಹೊಣೆ ತೆಳುವಾಗುತ್ತದೆ ಎಂಬುದು ವ್ಯವಹಾರದಲ್ಲಿ ಸಾಮಾನ್ಯವಾಗಿ ಕಾಣುವ ಭಾವನೆ. ಶಾಸ್ತ್ರದ ನಿಲುವು ಇದಕ್ಕೆ ವಿರುದ್ಧವಾಗಿದ್ದು, ಅನ್ವಾಹಿತಕ್ಕೂ ಉಪನಿಧಿಯ ನಿಯಮವೇ ಸಲ್ಲುತ್ತದೆಂದು ಅದು ಹೇಳುತ್ತದೆ.

ಕಾಪಾಡುವಾಗ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ನಾರದ ಸ್ಮೃತಿ ಒಂದು ಅಳತೆಗೋಲನ್ನು ಕೊಡುತ್ತದೆ. ಇಟ್ಟುಕೊಂಡವನ ಸ್ವಂತ ಸೊತ್ತಿನೊಡನೆಯೇ ಒಪ್ಪಿಸಿದ ವಸ್ತುವೂ ನಾಶವಾದರೆ ನಷ್ಟ ಒಪ್ಪಿಸಿದವನದು. ದೈವದಿಂದಲೋ ರಾಜನಿಂದಲೋ ಆದ ನಷ್ಟವೂ ಹಾಗೆಯೇ, ಆದರೆ ಅದರಲ್ಲಿ ಇಟ್ಟುಕೊಂಡವನ ಕಪಟ ಇರಬಾರದು. ಈ ನಿಯಮದ ಹಿಂದಿರುವ ತತ್ತ್ವ ಸರಳವೂ ಕಠಿಣವೂ ಆಗಿದೆ: ಪರರ ವಸ್ತುವಿಗೆ ತನ್ನ ವಸ್ತುವಿಗಿಂತ ಕಡಿಮೆ ಕಾವಲು ಸಲ್ಲದು. ತನ್ನ ಬ್ಯಾಂಕ್ ಖಾತೆಯ ಆ್ಯಪಿಗೆ ಬೆರಳಚ್ಚಿನ ಬೀಗ ಹಾಕಿಕೊಂಡು, ಕಚೇರಿಯ ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದವನು, ಅಥವಾ ಮಕ್ಕಳು ಆಟವಾಡುವ ಕಂಪ್ಯೂಟರಿನಲ್ಲಿಯೇ ಕಚೇರಿಯ ಲಾಗಿನ್ನನ್ನು ತೆರೆದಿಟ್ಟು ಊಟಕ್ಕೆ ಎದ್ದುಹೋದವನು, ಏನನ್ನೂ ಕದ್ದಿಲ್ಲದಿದ್ದರೂ ಈ ಅಳತೆಯಲ್ಲಿ ಸೋಲುತ್ತಾನೆ.

ಇಲ್ಲಿಯವರೆಗಿನ ವಿಚಾರ ವಸ್ತುವಿನ ರಕ್ಷಣೆಗೆ ಸಂಬಂಧಿಸಿದ್ದು. ಜೈನ ನೀತಿಶಾಸ್ತ್ರ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥರ ಅಣುವ್ರತಗಳಿಗೆ ಒಂದೊಂದಕ್ಕೂ ಐದೈದು ಅತಿಚಾರಗಳನ್ನು ಹೇಳಲಾಗಿದೆ. ಅತಿಚಾರವೆಂದರೆ ವ್ರತವನ್ನು ಪೂರ್ತಿ ಮುರಿಯದೆ ಅದಕ್ಕೆ ಕಲೆ ಹಚ್ಚುವ ನಡತೆ. ಒಪ್ಪಿಸಿದ್ದನ್ನು ಲಪಟಾಯಿಸುವ ‘ನ್ಯಾಸಾಪಹಾರ’ವನ್ನು ಕಳ್ಳತನದಿಂದ ದೂರವಿರುವ ವ್ರತದ ಅಡಿಯಲ್ಲಿ ಓದುಗರು ನಿರೀಕ್ಷಿಸುವುದು ಸಹಜ, ಆದರೆ ಆ ಗ್ರಂಥ ಅದನ್ನು ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸುತ್ತದೆ, ಅದೂ ಸುಳ್ಳು ದಾಖಲೆಯನ್ನು ಸೃಷ್ಟಿಸುವುದು ಮತ್ತು ಪರರ ಗುಟ್ಟನ್ನು ಹೊರಗೆಡಹುವುದು ಎಂಬ ದೋಷಗಳ ಪಂಕ್ತಿಯಲ್ಲಿ. ಕರ್ನಾಟಕದ ಜೈನ ಪರಂಪರೆಯ ಆಚಾರ್ಯನಾದ ಪೂಜ್ಯಪಾದನು ‘ಸರ್ವಾರ್ಥಸಿದ್ಧಿ’ ಎಂಬ ತನ್ನ ವ್ಯಾಖ್ಯಾನದಲ್ಲಿ ಕೊಡುವ ವಿವರಣೆಯಿಂದ ಈ ವರ್ಗೀಕರಣದ ಕಾರಣ ತಿಳಿಯುತ್ತದೆ. ಚಿನ್ನ ಮೊದಲಾದುದನ್ನು ಒಪ್ಪಿಸಿ ಹೋದವನು ತಾನು ಇಟ್ಟದ್ದು ಎಷ್ಟೆಂಬುದನ್ನು ಮರೆತು, ಹಿಂದಿರುಗಿ ಬಂದಾಗ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಅಷ್ಟೇ ಹೌದೆಂದು ಒಪ್ಪಿಕೊಂಡು ಕೇಳಿದಷ್ಟನ್ನು ಮಾತ್ರ ಕೊಡುತ್ತಾನೆ. ಅವನು ಯಾರ ಮನೆಗೂ ಕನ್ನ ಹಾಕಿಲ್ಲ, ಕೇಳಿದ್ದನ್ನು ಕೊಡಲಾರೆನೆಂದೂ ಹೇಳಿಲ್ಲ. ಅವನು ಮಾಡಿದ್ದು ಇನ್ನೊಬ್ಬರ ಮರೆವಿಗೆ ತನ್ನ ಒಪ್ಪಿಗೆಯ ಮುದ್ರೆ ಒತ್ತಿದ್ದು.

ಉದ್ಯೋಗಿಯೊಬ್ಬನು ಕೆಲಸ ಬಿಡುವ ದಿನ ನಡೆಯುವ ವ್ಯವಹಾರ ಇದರ ಪಡಿಯಚ್ಚಿನಂತಿದೆ. ಲ್ಯಾಪ್‌ಟಾಪ್, ಚಾರ್ಜರ್, ಗುರುತಿನ ಚೀಟಿ, ಹೆಡ್‌ಫೋನ್ ಇವುಗಳ ಪಟ್ಟಿಯನ್ನು ಮಾನವ ಸಂಪನ್ಮೂಲ ವಿಭಾಗದವರು ಮುಂದಿಡುತ್ತಾರೆ. ಒಂದೊಂದಕ್ಕೂ ಗುರುತು ಹಾಕಲಾಗುತ್ತದೆ. ಕಂಪನಿಗೆ ಸೇರಿದ ಯಾವ ಮಾಹಿತಿಯೂ ತನ್ನ ಬಳಿ ಉಳಿದಿಲ್ಲವೆಂಬ ಸಾಲಿನ ಕೆಳಗೆ ಅವನು ಸಹಿ ಮಾಡುತ್ತಾನೆ. ಒಂದು ರಾತ್ರಿ ವಿಪಿಎನ್ ಕೈಕೊಟ್ಟಾಗ ತುರ್ತು ಕೆಲಸ ಮುಗಿಸಲೆಂದು ತನ್ನ ಖಾಸಗಿ ಇಮೇಲಿಗೆ ಕಳುಹಿಸಿಕೊಂಡ ದರಪಟ್ಟಿ, ಸಹೋದ್ಯೋಗಿ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಒಪ್ಪಂದದ ಕರಡು, ಮನೆಯ ಹಳೆಯ ಕಂಪ್ಯೂಟರಿನಲ್ಲಿ ಸಿಂಕ್ ಆಗಿ ಉಳಿದ ಫೋಲ್ಡರ್, ಇವು ಯಾವುವೂ ಆ ಪಟ್ಟಿಯಲ್ಲಿರುವುದಿಲ್ಲ. ಅವನ್ನು ಪಡೆದಾಗ ಅವನ ಉದ್ದೇಶ ಶುದ್ಧವಾಗಿಯೇ ಇತ್ತು. ಆದ್ದರಿಂದ ಕಳ್ಳನೆಂಬ ಹೆಸರು ಅವನಿಗೆ ಹೊಂದುವುದಿಲ್ಲ. ದೋಷ ಹುಟ್ಟುವುದು ಅವನು ಸಹಿ ಮಾಡುವ ಕ್ಷಣದಲ್ಲಿ, ಕೇಳಿದವರಿಗೆ ಲೆಕ್ಕ ತಿಳಿಯದೆಂಬ ಅರಿವಿನೊಡನೆ ಅಷ್ಟೇ ಎಂದು ಒಪ್ಪಿಕೊಳ್ಳುವುದರಲ್ಲಿ. ಚಿನ್ನವನ್ನಾದರೆ ತಕ್ಕಡಿಗೆ ಹಾಕಿ ಹಿಂತಿರುಗಿಸಬಹುದು. ಕಡತವನ್ನು ಮಾತ್ರ ಮಾತಿನಿಂದಲ್ಲದೆ ಹಿಂತಿರುಗಿಸಲು ಸಾಧ್ಯವಿಲ್ಲ, ಏಕೆಂದರೆ ತನ್ನ ಬಳಿ ಇನ್ನು ಪ್ರತಿಯಿಲ್ಲ ಎಂಬ ಹೇಳಿಕೆಯೇ ಅಲ್ಲಿ ಹಿಂತಿರುಗಿಸುವ ಕ್ರಿಯೆ. ಆ ಹೇಳಿಕೆ ಸುಳ್ಳಾದರೆ ಒಪ್ಪಿಸಿದ್ದು ಹಿಂದಕ್ಕೆ ಬರಲೇ ಇಲ್ಲ. ನ್ಯಾಸಾಪಹಾರವನ್ನು ಸತ್ಯದ ಅಧಿಕಾರಕ್ಕೆ ಸೇರಿಸಿದ ಜೈನ ವಿವೇಕ ಚಿನ್ನದ ನಾಣ್ಯಗಳಿಗಿಂತಲೂ ಡಿಜಿಟಲ್ ಕಡತಗಳಿಗೆ ಹೆಚ್ಚು ಒಪ್ಪುತ್ತದೆ ಎಂದರೆ ತಪ್ಪಾಗಲಾರದು.

ಮರೆವಿನ ಬೆಲೆ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಗೆ ಒದಗಿದ ಸ್ಥಿತಿ ನಿದರ್ಶನವಾಗಿದೆ. ಟೆಕ್ಸಾಸಿನಿಂದ ನ್ಯೂಜೆರ್ಸಿಯವರೆಗೆ ಇಂಧನ ಸಾಗಿಸುವ ಆ ಸಂಸ್ಥೆಯ ಜಾಲದೊಳಗೆ ದಾಳಿಕೋರರು ನುಗ್ಗಿದ್ದು, ಬಳಕೆ ನಿಂತಿದ್ದರೂ ರದ್ದಾಗದೆ ಉಳಿದಿದ್ದ ಒಂದು ವಿಪಿಎನ್ ಖಾತೆಯ ಮೂಲಕ. ಅದಕ್ಕೆ ಪಾಸ್‌ವರ್ಡಿನ ಹೊರತು ಎರಡನೆಯ ಹಂತದ ಪರಿಶೀಲನೆ ಇರಲಿಲ್ಲ. ಪೈಪ್‌ಲೈನ್ ಹಲವು ದಿನ ನಿಂತುಹೋಯಿತು, ಸಂಸ್ಥೆ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ತೆತ್ತಿತು. ಇಲ್ಲಿ ಇಟ್ಟದ್ದನ್ನು ಮರೆತದ್ದು ಒಪ್ಪಿಸಿದ ಸಂಸ್ಥೆಯೇ ಎಂಬುದನ್ನು ಗಮನಿಸಬೇಕು. ಪೂಜ್ಯಪಾದನ ಉದಾಹರಣೆಯಲ್ಲಿ ಎರಡು ವ್ಯಕ್ತಿಗಳಿದ್ದಾರೆ. ಒಬ್ಬನದು ಮರೆವು, ಇನ್ನೊಬ್ಬನದು ಕಪಟ. ನೀತಿಶಾಸ್ತ್ರ ದೋಷವನ್ನು ಹೊರಿಸುವುದು ಎರಡನೆಯವನ ಮೇಲೆ. ಆದರೆ ವ್ಯವಹಾರಶಾಸ್ತ್ರ ಮೊದಲನೆಯವನನ್ನೂ ಪ್ರಶ್ನಿಸದೆ ಬಿಡಲಾರದು.

ನಂಬಿಕೆಯನ್ನು ಆಧರಿಸಿದ ಈ ವಿಚಾರಕ್ಕೆ ತಂತ್ರಜ್ಞರ ಕಡೆಯಿಂದ ಒಂದು ಬಲವಾದ ಆಕ್ಷೇಪವಿದೆ. ನಂಬಿಕೆಯೇ ದೌರ್ಬಲ್ಯವಾದ್ದರಿಂದ ಅದನ್ನು ವ್ಯವಸ್ಥೆಯಿಂದ ತೆಗೆದುಹಾಕಬೇಕು ಎಂಬುದು ಆ ವಾದ. ಫಾರೆಸ್ಟರ್ ಸಂಸ್ಥೆಯ ವಿಶ್ಲೇಷಕರಾಗಿದ್ದ ಜಾನ್ ಕಿಂಡರ್‌ವಾಗ್ 2010ರ ಸುಮಾರಿಗೆ ಪ್ರಚುರಪಡಿಸಿದ ‘ಜೀರೋ ಟ್ರಸ್ಟ್’ ಸಿದ್ಧಾಂತ, ಅಂದರೆ ಜಾಲದ ಒಳಗಿರಲಿ ಹೊರಗಿರಲಿ ಯಾರನ್ನೂ ಮೊದಲೇ ನಂಬದೆ ಪ್ರತಿಯೊಂದು ಕೋರಿಕೆಯನ್ನೂ ಹೊಸದಾಗಿ ಪರಿಶೀಲಿಸುವ ಪದ್ಧತಿ, ಈಗ ದೂರದ ಪ್ರವೇಶದ ಮಾನ್ಯ ಮಾದರಿಯಾಗಿದೆ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2020ರಲ್ಲಿ ಅದಕ್ಕೆ ಮಾರ್ಗಸೂಚಿಯನ್ನೂ ಪ್ರಕಟಿಸಿತು. ಕಲೋನಿಯಲ್ ಪ್ರಕರಣದಂಥವನ್ನು ಇದು ತಡೆಯಬಲ್ಲದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಪರಿಶೀಲನೆ ಉತ್ತರಿಸುವ ಪ್ರಶ್ನೆಗಳು ಯಾರು, ಎಲ್ಲಿಂದ, ಯಾವ ಯಂತ್ರದಿಂದ, ಯಾವ ಕಡತಕ್ಕೆ ಎಂಬಷ್ಟೇ. ಏತಕ್ಕೆ ಎಂಬ ಪ್ರಶ್ನೆ ಅದರ ಕೈಗೆ ಸಿಗುವುದಿಲ್ಲ.

ಈ ಮಿತಿಯನ್ನು ನ್ಯಾಯಾಲಯವೊಂದು ಬಹಿರಂಗವಾಗಿ ಎದುರಿಸಬೇಕಾಯಿತು. ಜಾರ್ಜಿಯಾ ರಾಜ್ಯದ ಪೊಲೀಸ್ ಸಾರ್ಜೆಂಟ್ ಒಬ್ಬನು ಹಣದ ಆಸೆಗೆ, ತನ್ನ ಗಸ್ತು ವಾಹನದ ಕಂಪ್ಯೂಟರಿನಿಂದ, ತನಗೆ ಅಧಿಕೃತವಾಗಿ ಕೊಟ್ಟಿದ್ದ ಲಾಗಿನ್ ಬಳಸಿಯೇ ವಾಹನಸಂಖ್ಯೆಯೊಂದರ ವಿವರವನ್ನು ಹುಡುಕಿದನು. ‘ವಾನ್ ಬ್ಯೂರೆನ್’ ಎಂದು ಹೆಸರಾದ ಈ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2021ರ ಜೂನ್ ತಿಂಗಳಲ್ಲಿ 6–3ರ ಬಹುಮತದಿಂದ, ಆ ದೇಶದ ಕಂಪ್ಯೂಟರ್ ವಂಚನೆ ಕಾಯ್ದೆಯ ಪ್ರಕಾರ ನೋಡಬೇಕಾದದ್ದು ಆ ಭಾಗಕ್ಕೆ ಪ್ರವೇಶವಿತ್ತೇ ಇಲ್ಲವೇ ಎಂಬುದನ್ನು ಮಾತ್ರ, ಒಳಹೊಕ್ಕ ಉದ್ದೇಶ ಕೆಟ್ಟದ್ದಾಗಿದ್ದರೂ ಆ ಕಾಯ್ದೆಯಡಿ ಅದು ಅಪರಾಧವಾಗದು ಎಂದು ತೀರ್ಮಾನಿಸಿತು. ಕೆಲಸದ ಕಂಪ್ಯೂಟರಿನಲ್ಲಿ ಸ್ವಂತ ಇಮೇಲ್ ನೋಡಿದವರೆಲ್ಲ ಅಪರಾಧಿಗಳಾಗುವ ಅಪಾಯವನ್ನು ತಪ್ಪಿಸಲು ಈ ತೀರ್ಮಾನಕ್ಕೆ ಸಕಾರಣವಿದೆ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿ ಸೇರಿಸಿದ 72ಎ ಕಲಂ ಇನ್ನೊಂದು ದಾರಿ ಹಿಡಿದು, ಒಪ್ಪಂದದ ಸೇವೆಯಲ್ಲಿ ದೊರೆತ ವೈಯಕ್ತಿಕ ಮಾಹಿತಿಯನ್ನು ನಷ್ಟವೋ ಅಕ್ರಮ ಲಾಭವೋ ಆಗಲೆಂಬ ಉದ್ದೇಶದಿಂದ ಹೊರಗೆಡಹಿದವರಿಗೆ 3 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಆದರೂ ಹೊರಗೆಡಹದೆ, ಬರಿಯ ಕುತೂಹಲಕ್ಕಾಗಿ ಪರಿಚಿತರೊಬ್ಬರ ಸಾಲದ ಕಡತವನ್ನು ತೆರೆದು ಓದಿ ಮುಚ್ಚಿದವನನ್ನು ಈ ಕಲಂ ಮುಟ್ಟುವುದಿಲ್ಲ. ಅನುಮತಿ ಮತ್ತು ಉದ್ದೇಶಗಳ ನಡುವಿನ ಈ ಅಂತರವನ್ನು ಯಂತ್ರವಾಗಲಿ ಕಾನೂನಾಗಲಿ ಪೂರ್ತಿಯಾಗಿ ತುಂಬಲಾರವು. ಜೀರೋ ಟ್ರಸ್ಟ್ ಪದ್ಧತಿ ನಂಬಿಕೆಯನ್ನು ಇಲ್ಲವಾಗಿಸುವುದಿಲ್ಲ, ಅದು ಉಳಿಯಲೇಬೇಕಾದ ಜಾಗವನ್ನು ಕಿರಿದು ಮಾಡಿ ತೋರಿಸುತ್ತದೆ.

ಆ ಜಾಗವನ್ನು ಕಿರಿದು ಮಾಡುವುದೂ ಒಂದು ನೈತಿಕ ಕಾರ್ಯವೇ. ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲಿ ವಿವರಿಸಿದ ‘ಕನಿಷ್ಠ ಅಧಿಕಾರ’ದ ತತ್ತ್ವದ ಪ್ರಕಾರ, ಪ್ರತಿಯೊಬ್ಬ ಬಳಕೆದಾರನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ ಕೊಡಬೇಕು. ಶರಣ ಪರಂಪರೆಯ ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಪತ್ನಿ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದ ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾಗಿತ್ತು ಎಂಬುದೇ ಅವಳ ಆಕ್ಷೇಪ. ಈ ಎರಡು ನಿಲುವುಗಳ ನಡುವೆ ಒಂದು ವ್ಯತ್ಯಾಸವಿದ್ದು, ಕಂಪ್ಯೂಟರ್ ವಿಜ್ಞಾನಿಗಳ ತತ್ತ್ವ ಕೊಡುವವನಿಗೆ ಹೇಳಿದ್ದು, ಲಕ್ಕಮ್ಮನ ಆಕ್ಷೇಪ ಪಡೆಯುವವನಿಗೆ ಹೇಳಿದ್ದು. ಬೇರೆ ವಿಭಾಗಕ್ಕೆ ವರ್ಗವಾದ ಮೇಲೂ ಹಳೆಯ ವಿಭಾಗದ ಫೋಲ್ಡರ್ ತೆರೆಯುತ್ತಿದೆ ಎಂದು ಕಂಡ ನೌಕರ ಅದನ್ನು ತಾನಾಗಿ ತಿಳಿಸಿ ತೆಗೆಸಿಕೊಳ್ಳುವುದು ಈ ಎರಡನೆಯ ಅರ್ಥದ ಕನಿಷ್ಠಾಧಿಕಾರ, ಮತ್ತು ಅದನ್ನು ಯಾವ ಸಾಫ್ಟ್‌ವೇರಿನಿಂದಲೂ ಮಾಡಿಸಲಾಗದು.

ಕೊಡುವವರ ಧರ್ಮದ ಇನ್ನೊಂದು ಮುಖವೂ ಇದೆ. ನ್ಯೂಜಿಲೆಂಡ್ ಮೂಲದ ತತ್ತ್ವಜ್ಞೆ ಆನೆಟ್ ಬೇಯರ್ 1986ರ ತಮ್ಮ ಪ್ರಬಂಧವೊಂದರಲ್ಲಿ ನಂಬಿಕೆಯನ್ನು ಒಪ್ಪಿಸುವಿಕೆಯ ಮಾದರಿಯಲ್ಲಿಯೇ ವಿಶ್ಲೇಷಿಸಿ, ತನಗೆ ಬೆಲೆಯುಳ್ಳದ್ದನ್ನು ನೋಡಿಕೊಳ್ಳಲು ಮತ್ತೊಬ್ಬರಿಗೆ ಬಿಡುವುದೆಂದರೆ ಅವರಿಗೆ ಸ್ವಲ್ಪಮಟ್ಟಿನ ವಿವೇಚನಾಧಿಕಾರವನ್ನೂ ಬಿಟ್ಟುಕೊಡುವುದು, ಆದ್ದರಿಂದ ಕೇಡಿಗೆ ತನ್ನನ್ನು ತೆರೆದುಕೊಳ್ಳುವುದು ಎಂದು ವಾದಿಸಿದರು. ನಿಮಿಷ ನಿಮಿಷಕ್ಕೂ ಪರದೆಯ ಚಿತ್ರ ತೆಗೆಯುವ, ಕೀಲಿ ಒತ್ತಿದ್ದನ್ನೆಲ್ಲ ಎಣಿಸುವ, ಕ್ಯಾಮೆರಾ ಸದಾ ತೆರೆದಿರಬೇಕೆಂದು ವಿಧಿಸುವ ಸಂಸ್ಥೆ ಈ ವಿವೇಚನೆಯನ್ನು ಪೂರ್ತಿ ಹಿಂದಕ್ಕೆ ಪಡೆಯಲು ಯತ್ನಿಸುತ್ತದೆ; ಆಗ ನೌಕರನಿಗೆ ಉಳಿಯುವುದು ಸಿಕ್ಕಿಬೀಳದಿರುವ ಜಾಣತನವೇ ಹೊರತು ಕಾಪಾಡುವ ಹೊಣೆಯಲ್ಲ. ಇದಲ್ಲದೆ, ಆ ಪರದೆಯ ಚಿತ್ರಗಳಲ್ಲಿ ನೌಕರನ ಮನೆಯ ಬದುಕೂ ಅವನ ಖಾಸಗಿ ಸಂದೇಶಗಳೂ ಸೆರೆಯಾಗುವುದರಿಂದ, ಕಡತ ಒಪ್ಪಿಸಿದ ಸಂಸ್ಥೆಯೇ ನೌಕರನ ಗುಟ್ಟುಗಳನ್ನು ಇಟ್ಟುಕೊಂಡ ನ್ಯಾಸಧಾರಿಯಾಗುತ್ತದೆ, ಮತ್ತು ಅವನಿಂದ ನಿರೀಕ್ಷಿಸುವ ಎಲ್ಲ ನಿಯಮಗಳೂ ಅದಕ್ಕೆ ತಿರುಗಿ ಅನ್ವಯಿಸುತ್ತವೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಇತರರ ದತ್ತಾಂಶವನ್ನು ನಿರ್ವಹಿಸುವ ಸಂಸ್ಥೆಯನ್ನು ಒಡೆಯನೆಂದು ಕರೆಯದೆ ನಂಬಿಕೆಗೆ ಬದ್ಧನಾದ ಧಾರಕನೆಂದು ಗುರುತಿಸಿರುವುದು ಈ ದೃಷ್ಟಿಗೆ ಪೂರಕವಾಗಿದೆ. ಕಚೇರಿಯ ಕಡತದಲ್ಲಿರುವ ಬಹುಪಾಲು ಮಾಹಿತಿ ಕಚೇರಿಯದೂ ಅಲ್ಲ. ಅದು ಗ್ರಾಹಕರದು, ರೋಗಿಗಳದು, ಸಾಲ ಪಡೆದವರದು.

ಆದ್ದರಿಂದ ದೂರದ ಪ್ರವೇಶದ ಧರ್ಮವನ್ನು ಎರಡು ಪಾಲುಗಳಾಗಿ ನಿರೂಪಿಸಬಹುದು. ಲೆಕ್ಕವನ್ನು ಮರೆಯದಿರುವುದು ಒಪ್ಪಿಸಿದವರ ಪಾಲು. ಯಾರಿಗೆ ಏನನ್ನು ತೆರೆದುಕೊಟ್ಟಿದೆ, ಅದರ ಅಗತ್ಯ ಇನ್ನೂ ಉಳಿದಿದೆಯೇ ಎಂಬುದನ್ನು ಕಾಲಕಾಲಕ್ಕೆ ನೋಡದೆ, ಕೊನೆಯ ದಿನ ಚಾರ್ಜರಿಗೂ ಹೆಡ್‌ಫೋನಿಗೂ ಗುರುತು ಹಾಕುವ ಸಂಸ್ಥೆ ತನ್ನ ಮರೆವಿನಿಂದಲೇ ನೌಕರನನ್ನು ಪರೀಕ್ಷೆಗೆ ಒಡ್ಡುತ್ತದೆ. ಒಪ್ಪಿಸಿದವರು ಮರೆತಾಗ ಲೆಕ್ಕವನ್ನು ತಿದ್ದುವುದು ಇಟ್ಟುಕೊಂಡವನ ಪಾಲು. ಅವರು ಕೇಳಿದ್ದಕ್ಕಿಂತ ಹೆಚ್ಚು ತನ್ನಲ್ಲಿ ಉಳಿದಿದೆಯೆಂದು ತಾನೇ ಹೇಳಿದಾಗ ಮಾತ್ರ ಅವನು ಒಪ್ಪಿಸಿದ್ದನ್ನು ಹಿಂತಿರುಗಿಸಿದಂತಾಗುತ್ತದೆ. ಮೊದಲನೆಯ ಪಾಲನ್ನು ತಂತ್ರಜ್ಞಾನ ದಿನದಿಂದ ದಿನಕ್ಕೆ ಸುಲಭಗೊಳಿಸುತ್ತಿದೆ. ಎರಡನೆಯದು ಪೂಜ್ಯಪಾದನ ಕಾಲದಲ್ಲಿ ಎಷ್ಟು ಕಷ್ಟವಿತ್ತೋ ಈಗಲೂ ಅಷ್ಟೇ ಕಷ್ಟ, ಏಕೆಂದರೆ ಅದಕ್ಕೆ ಬೇಕಾದದ್ದು ಕೇಳುವವರಿಗೆ ತಿಳಿಯದ ಸಂಗತಿಯ ಬಗ್ಗೆ ಆಡುವ ನಿಜ.